ಗೋವಿಂದರಾಜನ ಟಚಿಂಗು

ಕುಷ್ಟಗಿಯ ಬಸ್ ಸ್ಟ್ಯಾಂಡಿನ ಎದುರು ಪೂರ್ಣಿಮಾ ಫೋಟೋ ಸ್ಟುಡಿಯೋ ಶುರುವಾದದ್ದು ತೊಂಬತ್ತೇಳರಲ್ಲಿ, ರಾಯಚೂರನ್ನು ಒಡೆದು ಕೊಪ್ಪಳ ಜಿಲ್ಲೆ ಮಾಡಿದ ವರ್ಷ. ಹೊಸ ಜಿಲ್ಲೆ ಬಂದರೆ ಹೊಸ ಕಚೇರಿ, ಹೊಸ ಕಚೇರಿ ಬಂದರೆ ಹೊಸ ಅರ್ಜಿ, ಅರ್ಜಿಗೆಲ್ಲ ಮೂಲೆಯಲ್ಲೊಂದು ಫೋಟೋ ಎಂದು ಗೋವಿಂದರಾಜ ಅಂದಾಜು ಮಾಡಿದ್ದ. ಅಂದಾಜು ತಪ್ಪಲಿಲ್ಲ. ಆದರೆ ಅವನ ಹೆಸರು ಕುಷ್ಟಗಿ ದಾಟಿ ಅತ್ತ ಯಲಬುರ್ಗಾ, ಇತ್ತ ಗಂಗಾವತಿಯವರೆಗೂ ಹೋದದ್ದು ಅರ್ಜಿಯ ಫೋಟೋದಿಂದಲ್ಲ, ಹೆಣ್ಣಿನ ಫೋಟೋದಿಂದ.

ಹೆಣ್ಣಿನ ಫೋಟೋ ಅಂದರೆ ಯಾವುದೋ ಹೆಂಗಸಿನ ಫೋಟೋ ಎಂದು ತಿಳಿಯಬಾರದು. ಲಗ್ನಕ್ಕೆ ಬಂದ ಹುಡುಗಿಯದು, ಗಂಡಿನ ಕಡೆಯವರ ಕೈಗೆ ಕೊಡುವಂಥದು. ನಿಂತದ್ದೊಂದು, ಬರೀ ಮುಖದ್ದೊಂದು. ನಿಂತದ್ದರಲ್ಲಿ ಎತ್ತರ ಕಾಣಬೇಕು, ಮುಖದ್ದರಲ್ಲಿ ಬಣ್ಣ ಕಾಣಬೇಕು. ಶೇಂಗಾ ಕಿತ್ತು, ಹತ್ತಿ ಬಿಡಿಸಿ, ವರ್ಷವೆಲ್ಲ ಬಿಸಿಲು ಉಂಡ ಹುಡುಗಿಯ ಮುಖದಲ್ಲಿ ಗಂಡಿನ ಕಡೆಯವರಿಗೆ ಬೇಕಾದ ಬಣ್ಣವನ್ನು ದೇವರು ಇಟ್ಟಿರುತ್ತಿರಲಿಲ್ಲ. ಗೋವಿಂದರಾಜ ಇಡುತ್ತಿದ್ದ. ನೆಗೆಟಿವ್ ಅನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಹಾಸಿ, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಚುಕ್ಕೆಯ ಪಕ್ಕ ಚುಕ್ಕೆ ಇಡುತ್ತ ಹೋಗುವುದು. ನೆಗೆಟಿವ್‌ನಲ್ಲಿ ಎಷ್ಟು ಕಪ್ಪು ಇಟ್ಟರೆ ಫೋಟೋದಲ್ಲಿ ಅಷ್ಟು ಬಿಳುಪು. ಗಾಯದ ಕಲೆ, ಮೊಡವೆ, ಕಣ್ಣ ಕೆಳಗಿನ ಕಪ್ಪು, ಹುಟ್ಟಾ ಬಂದ ಮಚ್ಚೆ ಎಲ್ಲವೂ ಮಧ್ಯಾಹ್ನದೊಳಗೆ ಮಾಯ. ಇದಕ್ಕೆ ಟಚಿಂಗು ಎಂದು ಹೆಸರು.

ತಾವರಗೇರಿಯಲ್ಲಿ ಒಮ್ಮೆ ಗಂಡಿನ ತಾಯಿ, ಚಹದ ತಾಟು ಹಿಡಿದು ಎದುರಿಗೇ ನಿಂತ ಹುಡುಗಿಯ ಕೈಯಿಂದ ಕಪ್ಪು-ಬಸಿ ತೆಗೆದುಕೊಂಡು, "ಇನ್ನ ಹುಡುಗೀನ ಕರೀರಿ" ಅಂದಳಂತೆ. ಈ ಕತೆಯನ್ನು ಗೋವಿಂದರಾಜನೇ ಹೇಳಿ ಹೇಳಿ ನಗಿಸುತ್ತಿದ್ದ. "ಹುಡುಗಿಗಿಂತ ನನ್ನ ಫೋಟೋದ ಹುಡುಗಿನೇ ಚಂದ ಬಂದಿದ್ಲು, ನಾ ಏನ್ ಮಾಡ್ಲಿ?" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಆ ಚಹದ ತಾಟಿನವಳು ಆಗ ಏನು ಮಾಡಿದಳು ಎಂದು ಯಾರೂ ಕೇಳಲಿಲ್ಲ. ಕೇಳುವ ಮಂದಿಯೂ ನಾವಲ್ಲ. ಹೊಟ್ಟೆ ಒಂದಿಷ್ಟು ಒಳಗೆ ಹೋಗಲಿ, ನೆತ್ತಿಯ ಮೇಲೆ ನಾಲ್ಕು ಕೂದಲು ಬರಲಿ ಎಂದು ಊರಿನ ನಡುವಯಸ್ಸಿನ ಗಂಡಸರೆಲ್ಲ ಅವನ ಮುಂದೆ ಕೈಕಟ್ಟಿ ನಿಂತವರೇ. ಗಂಡಸರ ಮುಖಕ್ಕೆ ಅವನು ಪೆನ್ಸಿಲು ಸವೆಸುತ್ತಿರಲಿಲ್ಲ. "ನಿಮ್ಮನ್ನ ಯಾರ್ ನೋಡ್ತಾರ್ರಿ, ಹೋಗ್ರಿ" ಎಂದು ಕಳಿಸುತ್ತಿದ್ದ. ಅದೂ ಖರೆಯೇ ಆಗಿತ್ತು.

ಪಕ್ಕದ ಅಂಗಡಿ ಮಕ್ಬುಲಸಾಬನದು, ಕನ್ನಡಿ ಮತ್ತು ಫೋಟೋ ಕಟ್ಟಿನ ಅಂಗಡಿ. ಗೋವಿಂದರಾಜ ಮುಖ ತಿದ್ದಿದರೆ ಮಕ್ಬುಲಸಾಬ ಅದಕ್ಕೆ ಕಟ್ಟು ಹಾಕುತ್ತಿದ್ದ. ಒಂದೇ ಚಹ ಇಬ್ಬರೂ ಹಂಚಿಕೊಂಡು ಕುಡಿದು, ಒಬ್ಬರ ಗಿರಾಕಿಯನ್ನು ಇನ್ನೊಬ್ಬರಿಗೆ ದಾಟಿಸಿ ಇಬ್ಬರೂ ಒಟ್ಟಿಗೆ ಮುದುಕರಾಗತೊಡಗಿದರು. ಕ್ಯಾಮೆರಾ ಬದಲಾಯಿತು, ಕಂಪ್ಯೂಟರ್ ಬಂತು, ಪೆನ್ಸಿಲ್ಲು ಹೋಗಿ ಮೌಸು ಬಂತು. ಆಮೇಲೆ ಸ್ಟುಡಿಯೋದ ಹಿಂದಿನ ಕೋಣೆಗೆ ಫ್ಲೆಕ್ಸ್ ಮಷೀನು ಬಂದು, ತಾಲೂಕಿನ ಮುಖಂಡರ ಹುಟ್ಟುಹಬ್ಬಗಳೆಲ್ಲ ಗೋವಿಂದರಾಜನ ಪಾಲಿಗೇ ಬಂದವು. ಮುಖಂಡರಿಗೂ ಟಚಿಂಗು ಬೇಕು. ಈ ಕಲೆಯೊಂದು ಬದಲಾಗಲಿಲ್ಲ.

ಸ್ಟುಡಿಯೋ ಶುರುವಾದ ವರ್ಷವೇ ಹುಟ್ಟಿದವಳು ರಂಜಿತಾ, ಗೋವಿಂದರಾಜ ಹುಲಿಗೆವ್ವರ ಒಬ್ಬಳೇ ಮಗಳು. ಸಾಲೆಯಲ್ಲಿ ಎಂಟನೇತ್ತೆಯಲ್ಲಿದ್ದಾಗ ಅವಳ ಎಡಗಣ್ಣಿನ ಕೆಳಗೆ ಕಡಲೆಬೇಳೆಯಷ್ಟು ಬಿಳಿ ಕಾಣಿಸಿತು. ರಂಗೋಲಿ ಪುಡಿ ಹತ್ತಿರಬೇಕೆಂದು ಹುಲಿಗೆವ್ವ ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ವರ್ಷ ತುಂಬುವುದರೊಳಗೆ ಅದು ಕಣ್ಣನ್ನು ಬಳಸಿ ಹಣೆಗೆ ಹತ್ತಿ, ಅಂಥದೇ ಇನ್ನೊಂದು ಕಲೆ ತುಟಿಯ ಅಂಚಿನಲ್ಲಿ ಮೂಡಿತು. ಹುಬ್ಬಳ್ಳಿಯ ಡಾಕ್ಟರು, ಬಾಗಲಕೋಟೆಯ ಡಾಕ್ಟರು, ಮಂಗಳೂರಿನ ಗಿಡಮೂಲಿಕೆಯವನು (ಸಮುದ್ರದ ಮಂಗಳೂರಲ್ಲ, ಯಲಬುರ್ಗಾ ಕಡೆಯ ನಮ್ಮ ಮಂಗಳೂರು) ಎಲ್ಲ ಆಯಿತು. ಹುಬ್ಬಳ್ಳಿಯ ಡಾಕ್ಟರು ಮಾತ್ರ ಖುಲ್ಲಾ ಹೇಳಿದರು: "ಇದು ಅಂಟೂದಿಲ್ಲ, ನೋಯೂದಿಲ್ಲ, ಜೀವಕ್ಕ ಏನೂ ಮಾಡೂದಿಲ್ಲ. ಬರೇ ಬಣ್ಣ ಐತ್ರಿ."

ಬರೇ ಬಣ್ಣ! ಆ ಬಣ್ಣದ ಮೇಲೇ ಮನೆ ಕಟ್ಟಿದವನಿಗೆ ಈ ಮಾತು. ಊರ ಹುಡುಗಿಯರಿಗೆಲ್ಲ ಬಿಳುಪು ಹಂಚಿದವನ ಮನೆಗೆ ಬಿಳುಪು ತಾನೇ ನಡೆದು ಬಂದಿತ್ತು, ಬೇಡಾದ ಜಾಗದಲ್ಲಿ.

ಮನೆಯಲ್ಲಿ ಅದರ ಹೆಸರು ಹೇಳುವ ರೂಢಿ ತಪ್ಪಿತು. "ಅದು ಕಡಿಮಿ ಆದಂಗ ಕಾಣಸ್ತೈತಿ, ಅಲ್ಲೇನು?" ಎನ್ನುತ್ತಿದ್ದಳು ಹುಲಿಗೆವ್ವ. ಗೋವಿಂದರಾಜ ನೋಡದೆಯೇ ಹೌದೆನ್ನುತ್ತಿದ್ದ. ಮಗಳ ಜೊತೆ ಮಾತಾಡುವಾಗ ಅವನ ಕಣ್ಣು ಅವಳ ಕಿವಿಯ ಓಲೆಯ ಮೇಲಿರುತ್ತಿತ್ತು. ಪ್ರೀತಿ ಇರಲಿಲ್ಲವೆಂದಲ್ಲ, ಪ್ರೀತಿ ಭಾಳ ಇತ್ತು, ನೋಡುವ ಧೈರ್ಯ ಮಾತ್ರ ಇರಲಿಲ್ಲ.

ಲಗ್ನದ ವಯಸ್ಸು ಬಂದಾಗ ಅವನು ಮಾಡಿದ್ದು ಅವನಿಗೆ ಬರುತ್ತಿದ್ದ ಒಂದೇ ಕೆಲಸ. ಮಗಳ ಫೋಟೋ ತೆಗೆದ, ಟಚಿಂಗು ಮಾಡಿದ, ಕಳಿಸಿದ. ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು ತಿಂದರು, ಚಹ ಕುಡಿದರು, ಹುಡುಗಿಯನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು. ಎದ್ದು ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, "ಹುಡುಗಿ ಭಾಳ ಛಲೋ ಅದಾಳ್ರಿ, ಆದ್ರ..." ಎಂದು ನಿಲ್ಲಿಸಿದರು. ಬಂದವರೆಲ್ಲ ಅದೇ ಬಾಗಿಲಲ್ಲಿ, ಅದೇ ಮಾತಿಗೆ ನಿಲ್ಲಿಸುತ್ತಿದ್ದರು. ಒಮ್ಮೆ ಒಬ್ಬ ಹುಡುಗನ ಅಣ್ಣ ಮೊಬೈಲಿನಲ್ಲಿದ್ದ ಫೋಟೋವನ್ನು ರಂಜಿತಾಳ ಮುಖದ ಪಕ್ಕಕ್ಕೇ ಹಿಡಿದು, ಅಂಗಡಿಯಲ್ಲಿ ಸೀರೆಗೆ ಕುಪ್ಪಸದ ಬಟ್ಟೆ ಹೊಂದಿಸಿ ನೋಡುವಂತೆ ನೋಡಿದ.

ಅವತ್ತು ರಂಜಿತಾ ತಂದೆಗೆ ಹೇಳಿದಳು: "ಅಪ್ಪಾ, ನೀ ಟಚಿಂಗ್ ಮಾಡಿದಾಕಿನ್ನ ನೋಡಾಕ ಬಂದಾರ ಅವರು. ಆಕಿ ಈ ಮನ್ಯಾಗ ಇಲ್ಲ ಅಂತ ಮೊದ್ಲ ಹೇಳಿಬಿಟ್ರ ಉಪ್ಪಿಟ್ಟರ ಉಳೀತೈತಿ."

ಫೋಟೋ ಕಳಿಸುವುದು ಅಲ್ಲಿಗೆ ನಿಂತಿತು. ಅವಳು ಡಿಗ್ರಿ ಮುಗಿಸಿ ಒಂದು ಬೀಜದ ಕಂಪನಿಯ ಆಫೀಸಿಗೆ ಸೇರಿದಳು. ಗಿರಾಕಿ ಬಂದು ಕೂಡುವ ಮುಂದಿನ ಹಾಲಿನಲ್ಲಿ ಕುರ್ಚಿ ಖಾಲಿ ಇದ್ದರೂ ಮಾಲೀಕರು ಅವಳಿಗೆ ಹಿಂದಿನ ಗೋದಾಮಿನ ಪಕ್ಕದ ಕೋಣೆ ಕೊಟ್ಟರು. "ಅಲ್ಲಿ ನಿನಗ ಶಾಂತ ಇರತೈತವಾ" ಎಂದರು. ನಿಜಕ್ಕೂ ಶಾಂತ ಇತ್ತು. ಮೊಳಕೆ ಪರೀಕ್ಷೆಗೆ ಇಟ್ಟ ಟೊಮ್ಯಾಟೊ ಬೀಜದ ತಟ್ಟೆಗಳು, ಅವಳು, ಒಂದು ಫ್ಯಾನು. ಸ್ಕೂಟಿಯ ಮೇಲೆ ಹೋಗುವಾಗ ಬರುವಾಗ ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ದುಪಟ್ಟಾ. ಬಿಸಿಲಿಗೆ ಎಲ್ಲ ಹುಡುಗಿಯರೂ ಕಟ್ಟಿಕೊಳ್ಳುತ್ತಾರೆ, ಹಾಗಾಗಿ ಯಾರೂ ಏನೂ ಕೇಳುವಂತಿರಲಿಲ್ಲ.

ಇಷ್ಟರಲ್ಲಿ ಖುಷ್ಬು ಬಂದಳು. ಮಕ್ಬುಲಸಾಬನ ಗಂಗಾವತಿಯ ತಂಗಿ ಅಬೇದಾಬಿಯ ಮಗಳು. ಕಲಬುರ್ಗಿಯಲ್ಲಿ ಚಿತ್ರಕಲೆ ಓದಿ, ಕೂದಲನ್ನು ಗಂಡುಹುಡುಗರಂತೆ ಕತ್ತರಿಸಿಕೊಂಡು, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಮಾಮಾನ ಅಂಗಡಿಯ ಮುಂದೆ ಇಳಿದಾಗ ಮಕ್ಬುಲಸಾಬ ಒಂದು ಗಳಿಗೆ ಗುರುತು ಹಿಡಿಯಲಿಲ್ಲ.

"ಜಡಿ ಎಲ್ಲಿ ಇಟ್ಟ್ ಬಂದೀಯವಾ?" ಎಂದ.

"ಕಲಬುರ್ಗ್ಯಾಗ ಬಿಸಿಲು ಭಾಳ ಮಾಮು. ಉದುರಿ ಬಿತ್ತು."

ಅವಳ ಕೆಲಸವನ್ನು ಗೋವಿಂದರಾಜನಿಗೆ ತಿಳಿಸಿ ಹೇಳಲು ಎರಡು ಚಹ ಬೇಕಾದವು. ಕೊಪ್ಪಳದಲ್ಲೊಂದು ಪ್ರದರ್ಶನ, ಅದರಲ್ಲಿ ಜಿಲ್ಲೆಯ ಹನ್ನೆರಡು ಹೆಂಗಸರ ಮುಖಗಳು. ಬರೀ ಮುಖ, ಹತ್ತಿರದಿಂದ, ಇದ್ದದ್ದು ಇದ್ದಂತೆ. ಅದನ್ನು ಆಳೆತ್ತರ ಮೀರಿದ ಫ್ಲೆಕ್ಸಿನ ಮೇಲೆ ಮುದ್ರಿಸಿ, ಕೆಳಗೆ ಹುಟ್ಟುಹಬ್ಬದ ಶುಭಾಶಯ ಇರುವ ಜಾಗದಲ್ಲಿ, ಅದೇ ಉಬ್ಬಿದ ಹಳದಿ ಅಕ್ಷರದಲ್ಲಿ, ಹೂವಿನ ಅಂಚು ಹಾಕಿ, ಆ ಮುಖಕ್ಕೆ ಮಂದಿ ಅಂದ ಒಂದು ಮಾತು. ಅಳವಂಡಿಯ ಕಾಯಿಪಲ್ಯೆ ಮಾರುವ ಮಾರೆವ್ವನ ಮುಖದ ಕೆಳಗೆ, "ಹಲ್ಲು ಮುಂದ ಅದಾವ, ಬಾಯಿ ಮುಚ್ಚಿ ನಗು." ನೂರಜಾನಬಿಯ ತುಟಿಯ ಮೇಲಿನ ಕೂದಲಿನ ಕೆಳಗೆ, "ಇಕಿ ಗಂಡ ದಿನಾ ಅಂಜಿ ಏಳತಾನ." ಶಹನಾಜಬೇಗಂಳ ಕೆಳಗೆ, ಅವಳು ಹುಟ್ಟಿದ ತಾಸಿಗೇ ಸೂಲಗಿತ್ತಿ ಅಂದದ್ದು: "ಹೆಣ್ಣು, ಅದೂ ಕರೀದು."

"ಇದು ಕಲಾ ಏನವಾ?" ಎಂದ ಗೋವಿಂದರಾಜ, ಮರ್ಯಾದೆಯಿಂದಲೇ.

"ಈಗಿನ ಕಾಲದ್ದು ಕಾಕಾ. ನಮ್ಮ ಜಿಲ್ಲಾದಾಗ ಫ್ಲೆಕ್ಸ್ ಮ್ಯಾಗ ಬರೂ ಹೆಣಮಕ್ಕಳು ಎರಡ ನಮೂನಿ. ಒಂದು ಬಂಗಾರದ ಅಂಗಡಿಯವರು, ಇನ್ನೊಂದು ಸತ್ತವರು. ನಡುವಿನವರು ಎಲ್ಲಿ ಹೋದ್ರು?"

"ನಮ್ಮ ಕಾಲದಾಗ ಕಲಾ ಅಂದ್ರ ಇಲ್ಲದ್ದನ್ನ ಹಚ್ಚೂದಿತ್ತು" ಎಂದು ಗೋವಿಂದರಾಜ ಮಕ್ಬುಲಸಾಬನ ಕಡೆ ನೋಡಿದ. ಮಕ್ಬುಲಸಾಬ ಕಪ್ಪಿನ ತಳ ನೋಡಿದ. ಅವನಿಗೂ ತಿಳಿದಿರಲಿಲ್ಲ, ಆದರೆ ತಂಗಿಯ ಮಗಳು, ಬಿಟ್ಟುಕೊಡುವಂತಿರಲಿಲ್ಲ.

ಹನ್ನೆರಡನೆಯ ಮುಖ ರಂಜಿತಾಳದು ಎಂದು ಗೊತ್ತಾದದ್ದು ಆಮೇಲೆ. ಖುಷ್ಬು ಅವಳನ್ನು ಒಪ್ಪಿಸಲಿಲ್ಲ. ಅವಳೇ ಖುಷ್ಬುವನ್ನು ಹುಡುಕಿಕೊಂಡು ಹೋಗಿದ್ದಳು. ಫೋಟೋ ತೆಗೆದದ್ದು ಗೋದಾಮಿನ ಪಕ್ಕದ ಕೋಣೆಯಲ್ಲೇ, ಕಿಡಕಿಯ ಬೆಳಕಿನಲ್ಲಿ. ಕೆಳಗಿನ ಮಾತನ್ನೂ ರಂಜಿತಾಳೇ ಆರಿಸಿದಳು. ಒಂದೇ ಶಬ್ದ: "ಆದ್ರ..."

ಹುಲಿಗೆವ್ವ ಒಲೆಯ ಮುಂದೆ ಕುಳಿತು ಅತ್ತಳು. "ಮನ್ಯಾಗಿಂದು ಬಜಾರಕ್ಕ ಹಚ್ಚತೀಯೇನ? ಇನ್ನ ಯಾರ ಬರ್ತಾರ ನಿನ್ನ ನೋಡಾಕ?"

"ಯವ್ವಾ, ಇಷ್ಟ ದಿನ ಬಂದವರು ಯಾರೂ ನನ್ನ ನೋಡಾಕ ಬಂದಿಲ್ಲ" ಎಂದಳು ರಂಜಿತಾ. ಆಮೇಲೆ ತಂದೆಯ ಕಡೆ ತಿರುಗಿದಳು. "ಅಪ್ಪಾ, ಒಂದ್ಸಲ, ಒಂದ ಸಲ, ನನ್ನ ಮುಖ ಮಂದಿ ಎದರಿಗೆ ನಿಂದರ್ಲಿ. ನೋಡಿ ಏನ್ ಬೇಕಾದ್ರೂ ಅನ್ಲಿ. ಅದಾದ ಮ್ಯಾಲೆ ನನಗ ಅಂಜಿಕಿ ಹೋಗತೈತಿ. ನೀನ ಪ್ರಿಂಟ್ ಮಾಡಿಕೊಡು. ಬ್ಯಾರೆಯವರ ಕಡೆ ಬ್ಯಾಡ."

ತಂದೆಯ ಕೈಯಿಂದಲೇ ಆಗಲೆಂದು ಅವಳು ಯಾಕೆ ಬಯಸಿದಳೋ! ಗೋವಿಂದರಾಜ ಓಲೆಯನ್ನು ನೋಡುತ್ತ ಹೂಂ ಅಂದ.

ಆ ವಾರವೆಲ್ಲ ಮನೆಯ ಹವೆಯೇ ಬದಲಾಯಿತು. ರಂಜಿತಾ ಸ್ಕೂಟಿಯ ಮೇಲೆ ದುಪಟ್ಟಾ ಕಟ್ಟುವುದು ಬಿಟ್ಟಳು. ಸಂತೆಗೆ ಹೋಗಿ ಚೌಕಾಸಿ ಮಾಡಿದಳು. ಕಾಯಿಪಲ್ಯೆಯವಳೊಬ್ಬಳು "ಮುಖಕ್ಕ ಏನಾಗೈತ್ಯವಾ?" ಅಂದದ್ದಕ್ಕೆ, "ಕೊಪ್ಪಳಕ್ಕ ಬಾ, ದೊಡ್ಡದಾಗಿ ತೋರಸ್ತೀನಿ" ಎಂದು ನಕ್ಕಳಂತೆ. ಆಫೀಸಿನವರಿಗೆಲ್ಲ, ಮಾಲೀಕರಿಗೂ ಸಹಿತ, ಪ್ರದರ್ಶನಕ್ಕೆ ಬರ್ರಿ ಎಂದು ಹೇಳಿ ಬಂದಳು. ಮಗಳು ಹಾಡು ಗುನುಗುವುದನ್ನು ಕೇಳಿ ಎಷ್ಟೋ ವರ್ಷವಾಗಿತ್ತು. ಗೋವಿಂದರಾಜನಿಗೆ ಹಿಗ್ಗೂ ಆಯಿತು, ಅಂಜಿಕೆಯೂ ಆಯಿತು.

ಖುಷ್ಬು ಪೆನ್ ಡ್ರೈವ್ ಕೊಟ್ಟು, "ಕಾಕಾ, ಅಳತಿ ಹೊಂದಿಸಿ ಹೊಡದ್ ಬಿಡ್ರಿ. ಒಂದು ಕೂದಲೂ ಮುಟ್ಟಬ್ಯಾಡ್ರಿ ಮತ್ತ" ಎಂದು ಎರಡೆರಡು ಸಲ ಹೇಳಿ, ಪ್ರದರ್ಶನದ ಜಾಗ ನೋಡಲು ಕೊಪ್ಪಳಕ್ಕೆ ಹೋದಳು. ಮರುದಿನ ಬೆಳಗ್ಗೆಯೇ ಗೋವಿಂದರಾಜ ಮಷೀನು ಹಚ್ಚಿದ. ಹನ್ನೊಂದು ಮುಖಗಳನ್ನು ಅವನು ಮುಟ್ಟಲಿಲ್ಲ. ಮಾರೆವ್ವನ ಹಲ್ಲು ಹಲ್ಲಾಗಿಯೇ ಬಂತು, ನೂರಜಾನಬಿಯ ಮೀಸೆ ಮೀಸೆಯಾಗಿಯೇ ಬಂತು. ಕೈ ತುರಿಸಿದರೂ ತಡೆದುಕೊಂಡ.

ಹನ್ನೆರಡನೆಯದನ್ನು ತೆರೆದ.

ಪರದೆಯ ತುಂಬ ಮಗಳು. ಅಷ್ಟು ವರ್ಷ ಓಲೆಯ ಆಚೆಗೆ ಹೋಗದ ಕಣ್ಣಿಗೆ ಈಗ ತಪ್ಪಿಸಿಕೊಳ್ಳಲು ಓಲೆಯೇ ಇರಲಿಲ್ಲ. ಖುಷ್ಬು ಕಿವಿ ಬಿಟ್ಟು ಮುಖವನ್ನಷ್ಟೇ ಹಿಡಿದಿದ್ದಳು. ಕಣ್ಣ ಕೆಳಗಿಂದ ಸುತ್ತಿ ಹುಬ್ಬು ದಾಟಿ ಹಣೆಗೆ ಹೋದ ಬಿಳುಪು, ಅದರೊಳಗೇ ದ್ವೀಪದಂತೆ ಉಳಿದ ಕಂದು ಚುಕ್ಕೆಗಳು, ಬೆಳ್ಳಗಾದ ನಾಲ್ಕಾರು ರೆಪ್ಪೆಗೂದಲು. ರಂಜಿತಾ ನೇರ ನೋಡುತ್ತಿದ್ದಳು. ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ.

ಮೊದಲು ಅವನು ಮೂಗಿನ ಮೇಲಿನ ಒಂದು ಧೂಳಿನ ಕಣ ತೆಗೆದ. ಅದು ಧೂಳೇ, ಮುಖವಲ್ಲ, ಎಂದು ಸಮಾಧಾನ ಹೇಳಿಕೊಂಡ. ಆಮೇಲೆ ರೆಪ್ಪೆಯ ಒಂದು ಬಿಳಿ ಕೂದಲು. ಆಮೇಲೆ ಕೈ ತಾನೇ ಹೋಯಿತು. ನಾಳೆ ಇಡೀ ಕೊಪ್ಪಳ ನೋಡುತ್ತದೆ. ಬೀಜದ ಕಂಪನಿಯ ಮಾಲೀಕರು ನೋಡುತ್ತಾರೆ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಹೋದವರು ಯಾರಾದರೂ ಬಂದರೆ ಅವರೂ ನೋಡುತ್ತಾರೆ. ಒಂದು ದಿನ, ನನ್ನ ಕೂಸಿನ ಮುಖವನ್ನು ಯಾರೂ "ಅಯ್ಯೋ" ಅನ್ನದೆ ನೋಡಲಿ. ಗಲ್ಲದ ಕಂದು ಬಣ್ಣ ಎತ್ತಿ ಕಣ್ಣ ಕೆಳಗೆ ಹಚ್ಚಿದ. ಹಣೆಯ ಕಂದು ಇಳಿಸಿ ಹುಬ್ಬಿಗೆ ಕೂಡಿಸಿದ. ಬಿಳಿ ಮಾಡಲಿಲ್ಲ, ದೇವರಾಣೆಗೂ ಬಿಳಿ ಮಾಡಲಿಲ್ಲ. ಅವಳದೇ ಬಣ್ಣವನ್ನು ಅವಳಿಗೇ ತಿರುಗಿ ಕೊಟ್ಟ. ಚರ್ಮದ ಸಣ್ಣ ಸಣ್ಣ ರಂಧ್ರ ಸಹಿತ ಉಳಿಸಿದ. ಜೀವಮಾನದಲ್ಲಿ ಅಷ್ಟು ಹದವಾದ ಟಚಿಂಗನ್ನು ಅವನು ಮಾಡಿರಲಿಲ್ಲ. ಮುಗಿದಾಗ ಎಂಟನೇತ್ತೆಗೆ ಮೊದಲಿನ ಮಗಳು ದೊಡ್ಡವಳಾಗಿ ಎದುರಿಗೆ ಕುಳಿತಿದ್ದಳು. ಗೋವಿಂದರಾಜ ಕಣ್ಣೊರೆಸಿಕೊಂಡು ಮಷೀನಿನ ಗುಂಡಿ ಒತ್ತಿದ.

ಚೌಕಟ್ಟಿಗೆ ಮೊಳೆ ಹೊಡೆಯಲು ಬಂದ ಮಕ್ಬುಲಸಾಬ ಅದರ ಮುಂದೆ ನಿಂತುಬಿಟ್ಟ. "ಲೇ ಗೋವಿಂದಾ, ಏನ್ ಕೈಲೇ ನಿಂದು! ಉಳದವ್ನ ನೋಡಿದ್ರ ಎದಿ ಧಸಕ್ ಅಂತೈತಿ. ಇದೊಂದು ನೋಡು, ಕಣ್ಣಿಗೆ ತಂಪು."

"ಮಗಳು ಖುಷಿ ಆಗ್ತಾಳಲ್ಲ?"

"ಆಗದ ಏನು! ತಂದಿ ಮಾಡಿದ್ದು."

ಇಬ್ಬರೂ ಪೇಟೆಯಲ್ಲಿ ಹೆಸರು ಮಾಡಿದ ಕಸುಬುದಾರರು. ಇಬ್ಬರಿಗೂ ತಪ್ಪು ಕಾಣಲಿಲ್ಲ. ಹನ್ನೆರಡು ಚೌಕಟ್ಟುಗಳಿಗೂ ಹಳೆಯ ಚಾದರ ಸುತ್ತಿ ಟೆಂಪೋಕ್ಕೆ ಏರಿಸಿದರು.

ಕೊಪ್ಪಳದಲ್ಲಿ ಪ್ರದರ್ಶನ ಒಂದು ಹಳೆಯ ಹತ್ತಿ ಗೋದಾಮಿನಲ್ಲಿ. ಟೆಂಪೋ ತಡವಾಗಿ ಬಂದು, ಮಂದಿ ಬರತೊಡಗಿದ ಮೇಲೆಯೇ ಚಾದರ ಬಿಚ್ಚಿ ಗೋಡೆಗೆ ಏರಿಸುವ ಗಡಿಬಿಡಿ. ಒಂದೊಂದೇ ಮುಖ ಮೇಲೇರಿದಂತೆ ಗದ್ದಲ ಕಡಿಮೆಯಾಯಿತು. ಮಾರೆವ್ವ ತನ್ನ ಮುಖದ ಕೆಳಗೆ ನಿಂತು ಬಾಯಿ ತುಂಬ ನಕ್ಕಳು, ಮೇಲಿನದೂ ಕೆಳಗಿನದೂ ಅದೇ ಹಲ್ಲು. ನೂರಜಾನಬಿ ಗಂಡನನ್ನು ಕರೆತಂದಿದ್ದಳು. ಅವನು ಮುಜುಗರದಿಂದ, "ಆ ಮಾತ್ ನಾ ಅಂದಿದ್ದಲ್ರಿ, ನಮ್ಮಣ್ಣ ಅಂದಿದ್ದು" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ.

ರಂಜಿತಾ ಕೆಂಪು ಅಂಚಿನ ಇಳಕಲ್ ಸೀರೆ ಉಟ್ಟಿದ್ದಳು. ಮುಖಕ್ಕೆ ಪೌಡರು ಸಹಿತ ಹಚ್ಚಿರಲಿಲ್ಲ. ಆಫೀಸಿನವರನ್ನು ಸಾಲಾಗಿ ನಿಲ್ಲಿಸಿಕೊಂಡು, "ಈಗ ನಂದು ಬರತೈತಿ ನೋಡ್ರಿ" ಎಂದಳು. ಹುಡುಗರು ಹನ್ನೆರಡನೆಯ ಚಾದರ ಎಳೆದರು.

ಸೊಗಸಾದ ಒಂದು ಮುಖ. ಕಲೆಯಿಲ್ಲ, ಚುಕ್ಕೆಯಿಲ್ಲ. ಕೆಳಗೆ ಉಬ್ಬಿದ ಹಳದಿ ಅಕ್ಷರದಲ್ಲಿ, "ಆದ್ರ..."

"ಆದ್ರ ಏನು?" ಎಂದ ಹಿಂದಿನವನೊಬ್ಬ. "ಮುಂದಿಂದು ಪ್ರಿಂಟ್ ಆಗಿಲ್ಲೇನು?"

ಬೀಜದ ಕಂಪನಿಯ ಮಾಲೀಕರು ಮೇಲಿನ ಮುಖ ನೋಡಿದರು, ಪಕ್ಕದಲ್ಲಿದ್ದ ಮುಖ ನೋಡಿದರು. "ಇವರು ನಿಮ್ಮ ಅಕ್ಕಾರೇನವಾ?" ಎಂದು ಮೆಲ್ಲಗೆ ಕೇಳಿದರು.

ಹುಲಿಗೆವ್ವ ಮಾತ್ರ ಚಿತ್ರದ ಮುಂದೆ ಕೈ ಜೋಡಿಸಿ ನಿಂತಿದ್ದಳು. ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. "ನೋಡವಾ, ನೋಡು! ನೀ ಹಿಂಗ ಇದ್ದೀ! ನೀ ಹಿಂಗ ಇದ್ದೀ!" ಎಂದು ಮಗಳ ಕೈ ಹಿಡಿದು ಜಗ್ಗಿದಳು.

ಗೋವಿಂದರಾಜ ಕಂಬದ ಪಕ್ಕ ನಿಂತು ಮಗಳ ಖುಷಿಗಾಗಿ ಕಾಯುತ್ತಿದ್ದ. ರಂಜಿತಾ ತಿರುಗಿದಳು. ಅವತ್ತು ಮೊದಲ ಸಲ ಅವನು ಓಲೆ ಬಿಟ್ಟು ಕಣ್ಣು ನೋಡಿದ, ಹೊಗಳಿಕೆ ಸಿಗುತ್ತದೆಂದು. ಅಲ್ಲಿ ಸಿಟ್ಟು ಇದ್ದಿದ್ದರೂ ಅವನು ಬದುಕಿಕೊಳ್ಳುತ್ತಿದ್ದ. ಸಿಟ್ಟು ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಹೋದವರನ್ನು ಅವಳು ಹೀಗೇ ನೋಡಿರಬೇಕು.

"ಹನ್ನೊಂದು ಮಂದಿದು ಮುಟ್ಟಿಲ್ಲಲ್ಲ, ಅಪ್ಪಾ."

"ಅವರು... ಅವರು ಮಂದಿ, ತಾಯಿ. ನೀ ನನ್ನ ಮಗಳು."

"ಅದ ಆತು ನೋಡು" ಎಂದಳು ರಂಜಿತಾ. "ಅವರ ಅಪ್ಪಂದಿರಿಗೆ ಪ್ರಿಂಟ್ ಮಾಡಾಕ ಬರ್ತಿರಲಿಲ್ಲ. ಅವರು ಉಳಕೊಂಡ್ರು."

ಖುಷ್ಬು ಕೆಂಪಾಗಿ, ಈಗಿಂದೀಗಲೇ ಇಳಿಸ್ರಿ, ನಾಳೆ ಬೇರೆ ಹೊಡೆಸೋಣ ಎಂದು ಏಣಿ ತರಿಸಿದಳು. ರಂಜಿತಾ ಏಣಿಯನ್ನು ತಡೆದಳು. "ಇರ್ಲಿ ಬಿಡು ಅಕ್ಕಾ. ಎಲ್ಲಾರೂ ನೋಡಿ ಆತು. ನಾಳೆ ಖರೇದ್ದು ಹಚ್ಚಿದ್ರ, ಅದನ್ನ ಕೆಡಿಸಿದ್ದು ಅಂತಾರ."

ಅಷ್ಟರಲ್ಲಿ ಬೆಂಗಳೂರಿನಿಂದ ಬಂದಿದ್ದ ಕಲಾವಿಮರ್ಶಕರೊಬ್ಬರು ಕನ್ನಡಕ ಏರಿಸಿ ಇಳಿಸಿ, ಆ ಹನ್ನೆರಡನೆಯ ಚಿತ್ರದ ಮುಂದೆ ನಿಂತು ಭಾಷಣವನ್ನೇ ಮಾಡಿದರು. ಇಡೀ ಪ್ರದರ್ಶನದ ಕೀಲಿಕೈ ಇದೇ, ಹನ್ನೊಂದು ಸತ್ಯಗಳ ನಡುವೆ ಬೇಕೆಂದೇ ಒಂದು ಸುಳ್ಳನ್ನಿಟ್ಟು ಕಲಾವಿದೆ ನಮ್ಮ ಸೌಂದರ್ಯದ ಕಲ್ಪನೆಯ ಕಪಾಳಕ್ಕೇ ಹೊಡೆದಿದ್ದಾಳೆ ಎಂದರು. ಯಾರೂ ಅವರನ್ನು ತಿದ್ದಲಿಲ್ಲ. ಖುಷ್ಬು ಏಣಿ ಹಿಡಿದುಕೊಂಡೇ ನಿಂತಳು, ಗೋವಿಂದರಾಜನಿಗೆ ಭಾಷಣ ತಿಳಿಯಲಿಲ್ಲ. ಮರುದಿನ ಪತ್ರಿಕೆಯಲ್ಲಿ ಬಂದದ್ದೂ ಆ ಒಂದೇ ಚಿತ್ರ. ಮಾರೆವ್ವನ ಹಲ್ಲಿಗೆ ಪತ್ರಿಕೆಯಲ್ಲಿ ಜಾಗ ಸಿಗಲಿಲ್ಲ. ಪ್ರದರ್ಶನ ಮುಗಿದ ಮೇಲೆ ವಿಮರ್ಶಕರ ಪರಿಚಯದವರು ಯಾರೋ ಅದನ್ನು ಬೆಂಗಳೂರಿಗೆ ಒಯ್ದರು. ಆ ರಂಜಿತಾ ಈಗ ಅಲ್ಲಿದ್ದಾಳೆ.

ಈ ರಂಜಿತಾ ಮನೆಗೆ ಬಂದು ಎರಡು ದಿನ ಮಲಗಿದಳು. ಮೂರನೆಯ ದಿನ ಸ್ಕೂಟಿಯ ಮೇಲೆ ಕುಳಿತಾಗ ಮುಖಕ್ಕೆ ದುಪಟ್ಟಾ ಇರಲಿಲ್ಲ. ಗೋವಿಂದರಾಜನ ಜೀವ ಹಗುರಾಗುವಷ್ಟರಲ್ಲಿ ಕಂಡಿತು, ದುಪಟ್ಟಾ ಬೇಕಾಗಿರಲಿಲ್ಲ. ಹುಬ್ಬಳ್ಳಿಯಿಂದ ಯಾವುದೋ ಕ್ರೀಮು ತರಿಸಿದ್ದಳು. ಕಣ್ಣ ಕೆಳಗೆ, ಹಣೆಗೆ, ತುಟಿಯ ಅಂಚಿಗೆ ಹದವಾಗಿ ಹಚ್ಚಿ, ಅಂಚು ಗೊತ್ತಾಗದಂತೆ ಬೆರಳ ತುದಿಯಿಂದ ಕೂಡಿಸಿದ್ದಳು. ಹದ ನೋಡಿದರೆ ಯಾರ ಮಗಳೆಂದು ಕೇಳುವಂತಿರಲಿಲ್ಲ. ವಾರದೊಳಗೆ ಮಾಲೀಕರು ಅವಳ ಕುರ್ಚಿಯನ್ನು ಮುಂದಿನ ಹಾಲಿಗೆ ತಂದರು.

ಪತ್ರಿಕೆಯ ಚಿತ್ರ ನೋಡಿ ಯಲಬುರ್ಗಾದಿಂದ ಸಂಬಂಧ ಬಂತು. ಹುಡುಗ ಪ್ರವೀಣಕುಮಾರ, ಸಹಕಾರ ಸಂಘದಲ್ಲಿ ಗುಮಾಸ್ತ. ಅವನ ಕಡೆಯವರು ಉಪ್ಪಿಟ್ಟು ತಿಂದರು, ಚಹ ಕುಡಿದರು. ಬಾಗಿಲಲ್ಲಿ ಯಾರೂ ಮಾತು ಅರ್ಧಕ್ಕೆ ನಿಲ್ಲಿಸಲಿಲ್ಲ. ಒಪ್ಪಿಗೆಯಾಯಿತು. ಹುಲಿಗೆವ್ವ ಕಂಡ ಕಂಡ ದೇವರಿಗೆ ಎಣ್ಣೆ ಹಾಕಿಸಿದಳು.

ಗೋವಿಂದರಾಜನಿಗೆ ಮಾತ್ರ ತಡೆಯಲಾಗಲಿಲ್ಲ. ಖುಷ್ಬುವಿಗೆ ಫೋನು ಮಾಡಿ, ಬೇಡಿಕೊಂಡು, ಮುಟ್ಟದ ಚಿತ್ರವನ್ನು ಮತ್ತೆ ತರಿಸಿಕೊಂಡ. ಇದ್ದದ್ದು ಇದ್ದಂತೆ ಮುದ್ರಿಸಿದ. ಸ್ಟುಡಿಯೋದ ಗಾಜಿನ ಶೋಕೇಸಿನಲ್ಲಿ ಎಷ್ಟೋ ವರ್ಷದಿಂದ ನಗುತ್ತ ನಿಂತಿದ್ದ ಬೆಳ್ಳನ್ನ ಮದುಮಕ್ಕಳನ್ನೆಲ್ಲ ಕೆಳಗಿಳಿಸಿ, ಅದೊಂದನ್ನೇ ತೂಗುಹಾಕಿದ. ಬಸ್ಸಿಗೆ ನಿಂತ ಮಂದಿ ನಿಂತು ನೋಡಿದರು. ಮಕ್ಬುಲಸಾಬ ಹೊರಗೆ ಬಂದು ನೋಡಿ ಗಾಜು ಒರೆಸಿಕೊಟ್ಟ.

ಸಂಜೆ ರಂಜಿತಾ ಆಫೀಸಿನಿಂದ ಬರುವಾಗ ಸ್ಕೂಟಿ ನಿಲ್ಲಿಸಿದಳು. ಒಳಗೆ ಬಂದು ಗಿರಾಕಿ ಕೂಡುವ ಸ್ಟೂಲಿನ ಮೇಲೆ ಕುಳಿತಳು.

"ಅದನ್ನ ತಗದ್ ಬಿಡು ಅಪ್ಪಾ. ಶುಕ್ರವಾರ ಅವರ ಮಂದಿ ಲಗ್ನದ ಬಟ್ಟಿ ತರಾಕ ಬರ್ತಾರ."

"ತಪ್ಪ್ ಮಾಡೀನಿ ತಾಯಿ. ಊರ ಮಂದಿ ನೋಡ್ಲಿ. ಹುಡುಗಗ ನಾನ ಹೇಳತೀನಿ, ಹಿಂಗ ಅದಾಳ ನನ್ನ ಮಗಳು ಅಂತ."

"ಹುಡುಗಗ ಗೊತ್ತೈತಿ. ನಾನ ಫೋನ್ ಮಾಡಿ ಹೇಳೀನಿ. ಅವರಿಗೆ ಅಡ್ಡಿ ಇಲ್ಲಂತ. ಅವರ ಮನ್ಯಾಗ ಗೊತ್ತಾಗಬಾರದಂತ. ಯಾವಾಗ್ಲೂ ಹಚಗೊಂಡ ಇರ್ಬೇಕು, ಅಷ್ಟ."

"ಯಾವಾಗ್ಲೂ ಅಂದ್ರ?"

"ಯಾವಾಗ್ಲೂ ಅಂದ್ರ ಯಾವಾಗ್ಲೂ."

"ಅದಕ್ಕ ನೀ ಒಪ್ಪಿದೇನು? ನೀ?" ಎಂದ ಗೋವಿಂದರಾಜ. "ಒಪ್ಪಬ್ಯಾಡವಾ. ಕೂಡು ಮನ್ಯಾಗ. ನಾ ಇರೂತನ ಸಾಕತೀನಿ."

ರಂಜಿತಾ ಹೇಳಿದ ಮಾತಿನಲ್ಲಿ ಚುಚ್ಚಬೇಕೆಂಬ ಆಸೆ ಕೂಡ ಇರಲಿಲ್ಲ. "ಅಪ್ಪಾ, ಬ್ಯಾರೆಯವರು ಬ್ಯಾಡ ಅಂದ್ರ ನನಗ ಧೈರ್ಯ ಇತ್ತು. ನನ್ನ ಮನ್ಯಾಗ ಹಿಂಗ ಇಲ್ಲ, ಹೊರಗಿನ ಮಂದಿಗೆ ತಿಳಿಯೂದಿಲ್ಲ ಅನಕೊಂಡಿದ್ದೆ. ನಿನಗೂ ಆಕಿನ ಬೇಕಾಗಿದ್ಲು. ಯವ್ವನೂ ಆಕಿನ್ನ ನೋಡೇ ಅತ್ತಿದ್ದು. ಎಲ್ಲಾರಿಗೂ ಆಕಿ ಬೇಕಂದ್ರ ನಾ ಯಾಕ ನಡುವ ನಿಂದರ್ಲಿ? ತಗಿ ಅದನ್ನ. ನನಗ ನೋಡಾಕ ಆಗವಲ್ದು."

ಗೋವಿಂದರಾಜ ಸ್ಟೂಲು ಹತ್ತಿ ಚಿತ್ರವನ್ನು ಇಳಿಸಿದ. ರಂಜಿತಾ ಕಂಪ್ಯೂಟರಿನಲ್ಲಿದ್ದುದನ್ನೂ ಅಳಿಸಿ, ಇಳಿಸಿದ್ದನ್ನು ಒಳಮುಖವಾಗಿ ಸುತ್ತಿ ಸ್ಕೂಟಿಯ ಮುಂದೆ ಇಟ್ಟುಕೊಂಡು ಹೋದಳು. ಏನು ಮಾಡಿದಳೆಂದು ಅವನು ಕೇಳಲಿಲ್ಲ. ಖುಷ್ಬುವಿಗೂ ಅವಳು ಫೋನು ಮಾಡಿ ಮೂಲ ಚಿತ್ರ ಅಳಿಸಿಬಿಡು ಎಂದಳಂತೆ. ಖುಷ್ಬು ಅಳುತ್ತ ಅಳಿಸಿದಳಂತೆ.

ಲಗ್ನ ಚೆನ್ನಾಗಿಯೇ ಆಯಿತು. ಫೋಟೋ ತೆಗೆಯಲು ಗೋವಿಂದರಾಜ ಬೇರೆಯವನನ್ನು ಕರೆಸಿದ. ಬಂದವನು, "ಅಣ್ಣಾರ, ಇವರಿಗೆ ಟಚಿಂಗ್ ಬೇಕಾಗೂದ ಇಲ್ಲ ಬಿಡ್ರಿ" ಎಂದು ಮೆಚ್ಚಿಗೆ ಹೇಳಿದ.

ನಾಗರ ಪಂಚಮಿಗೆ ರಂಜಿತಾ ತವರಿಗೆ ಬಂದಳು. ಉಂಡಿ ತಿಂದಳು, ಜೋಕಾಲಿ ಆಡಿದಳು, ಗೆಳತಿಯರ ಜೊತೆ ನಕ್ಕಳು. ಎಲ್ಲವೂ ಸರಿಯಾಗಿಯೇ ಇತ್ತು. ಮಧ್ಯಾಹ್ನ ಉಂಡು, ಬಾಗಿಲು ಮುಚ್ಚಿ, ಮನೆಯ ಮೂವರೇ ಉಳಿದಾಗ ಹುಲಿಗೆವ್ವ ಹಸಿ ಅರಿವೆ ತಂದು, "ಇಲ್ಲಿ ಯಾರದಾರ? ಒರಸಿಕೊಂಡು ಮಕ್ಕೋ ನನ್ನವ್ವ, ಮುಖಕ್ಕ ಗಾಳಿ ಆಡ್ಲಿ" ಎಂದಳು.

"ಬ್ಯಾಡ ಯವ್ವಾ. ರೂಢಿ ತಪ್ಪಿದ್ರ ಮತ್ತ ಕಷ್ಟ."

ಪಡಸಾಲೆಯ ತಂಪು ನೆಲದ ಮೇಲೆ ಅವಳು ದಿಂಬು ಹಾಕಿಕೊಂಡು ಮಗ್ಗುಲಾಗಿ ಮಲಗಿ ನಿದ್ದೆಹೋದಳು. ಗೋವಿಂದರಾಜ ಗೋಡೆಗೆ ಒರಗಿ ಕುಳಿತ. ಯಾರ ಭಯವೂ ಇಲ್ಲದೆ, ನಾಚಿಕೆಯೂ ಇಲ್ಲದೆ ಮಗಳ ಮುಖವನ್ನು ನೋಡಿದ. ಆ ಬಿಳುಪು ಹುಬ್ಬನ್ನು ದಾಟಿ ಹಣೆಗೆ ಎಷ್ಟು ದೂರ ಹೋಗಿತ್ತು? ಒಳಗೆ ಕಂದು ಚುಕ್ಕೆ ಮೂರಿದ್ದವೋ, ನಾಲ್ಕೋ? ತುಟಿಯ ಬಲ ಅಂಚಿಗೋ, ಎಡಕ್ಕೋ? ನೆನಪಾಗಲೊಲ್ಲದು. ಸರಿಯಾಗಿ ನೋಡಿದ್ದೇ ಒಂದು ಸಲ, ಅದೂ ಅಳಿಸುವುದಕ್ಕೆ.

ಸೆಖೆ ಏರುತ್ತಿತ್ತು. ಮಗಳ ಹಣೆಯ ಮೇಲೆ ಬೆವರು ಮೂಡಿತು, ಹನಿಗೂಡಿತು, ಕಣ್ಣಿನ ಪಕ್ಕದಿಂದ ಸಾವಕಾಶ ಕೆಳಗಿಳಿಯತೊಡಗಿತು. ಬೀಸಣಿಕೆ ಕೈಯಲ್ಲೇ ಇದ್ದರೂ ಗೋವಿಂದರಾಜ ಬೀಸಲಿಲ್ಲ. ಉಸಿರು ಹಿಡಿದು ಕಾದ. ಹನಿ ಗಲ್ಲ ದಾಟಿ ದಿಂಬಿಗೆ ಇಳಿದು ಇಂಗಿತು. ಅದು ಹರಿದ ದಾರಿಯಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಕ್ರೀಮಿನ ಕಂಪನಿಯವರು ಭಾಳ ಛಲೋ ಮಾಲು ಮಾಡಿದ್ದರು.